ಲ್ಯಾಬ್‌ಗೆ ಆಳೆತ್ತರದ ರೋಬೋ: ಆರಿಸುವವರಿಗೆ ಏಳು ಸೂತ್ರ

ಕೊಡಗಿನ ಪೊನ್ನಂಪೇಟೆಯಲ್ಲೋ ಕುಶಾಲನಗರದಲ್ಲೋ ಎಂಜಿನಿಯರಿಂಗ್ ಓದುತ್ತಿದ್ದೀರಾ? ಹ್ಯೂಮನಾಯ್ಡ್ ರೋಬೋ ಮೇಲೆ ರಿಸರ್ಚ್ ಮಾಡುವ ಆಸೆಯಿದೆಯಾ? ‘ಅದೆಲ್ಲ ಬೆಂಗಳೂರಿನವರಿಗೆ’ ಅನ್ನುವ ಅಭ್ಯಾಸವನ್ನು ಇವತ್ತೇ ಬಿಡಿ. ಗ್ರಾಂಟ್ ಕೇಳುವ ಪ್ರಪೋಸಲ್ ಬರೆಯಲು ಕೂರಿ.

1. ಮೊದಲು ಪ್ರಶ್ನೆ, ಆಮೇಲೆ ರೋಬೋ.
ಸಂಶೋಧನೆಯ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಕಾಲು ಬೇಕೋ ಬೇಡವೋ ಅಲ್ಲೇ ತಿಳಿಯುತ್ತದೆ. ಇಸ್ರೋ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ತೋರಿಸಿದ ಹ್ಯೂಮನಾಯ್ಡ್ ವ್ಯೋಮಮಿತ್ರಳಿಗೆ ಕಾಲಿಲ್ಲ. ಗಗನನೌಕೆಯಲ್ಲಿ ಕೂತು ಸ್ವಿಚ್ ಒತ್ತುವ, ಮಾತಾಡುವ ಕೆಲಸಕ್ಕೆ ಕಾಲು ಬೇಕಿಲ್ಲ. ಇಳಿಜಾರಿನ ತೋಟದಲ್ಲಿ ಕಾಫಿ ಮೂಟೆ ಹೊರುವುದಷ್ಟೇ ಗುರಿಯೇ? ನಾಲ್ಕು ಕಾಲಿನ ರೋಬೋ ಸಾಕು. ಬೆಂಗಳೂರಿನ ಐಐಎಸ್‌ಸಿಯವರು ಕಟ್ಟಿದ ‘ಸ್ಟಾಕ್’ ರೋಬೋ ಬಗ್ಗೆ ಓದಿಕೊಳ್ಳಿ. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ ಕಾಳುಮೆಣಸು ಕೊಯ್ಯಿಸಬೇಕೇ? ಆಗ ಎರಡು ಕಾಲು, ಎರಡು ಕೈ, ಆಳೆತ್ತರ ಎಲ್ಲವೂ ಬೇಕು, ಏಕೆಂದರೆ ಏಣಿ ಮನುಷ್ಯನ ಅಳತೆಯದು. ಇಂಥ ಕಠಿಣ ಪ್ರಶ್ನೆ ಕೊಡಗಿನಲ್ಲಿ ಕಣ್ಣೆದುರೇ ಇದೆ. ಅದನ್ನೇ ಪ್ರಪೋಸಲ್‌ನ ಮೊದಲ ಸಾಲು ಮಾಡಿ.

2. ಎತ್ತರ ನೋಡಿ.
ಚೀನಾದ ಯೂನಿಟ್ರೀ ಕಂಪನಿಯ ಜಿ1 ರೋಬೋ ಸುಮಾರು 1.3 ಮೀಟರ್, 35 ಕೆಜಿ. 2024ರಲ್ಲಿ ಬಂದಾಗ ಬೇಸ್ ಮಾಡೆಲ್ ಬೆಲೆ 16,000 ಡಾಲರ್. ಅದೇ ಕಂಪನಿಯ ಎಚ್1 ಸುಮಾರು 1.8 ಮೀಟರ್, 47 ಕೆಜಿ; ಬೆಲೆ ಹಲವು ಪಟ್ಟು. ನಡಿಗೆಯ ಅಲ್ಗಾರಿದಮ್ ಅಷ್ಟೇ ಸಾಕಾದರೆ ಚಿಕ್ಕದನ್ನು ತನ್ನಿ.

3. ಒಳಗಿನ ಕಂಟ್ರೋಲ್ ಕೇಳಿ.
ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಡ್ಯಾನ್ಸ್ ವಿಡಿಯೋ ನೋಡಿ ಆರ್ಡರ್ ಮಾಡಬೇಡಿ. ಪ್ರತಿ ಕೀಲಿನ ಮೋಟಾರ್‌ಗೂ ನಿಮ್ಮ ಕೋಡ್‌ನಿಂದಲೇ ಟಾರ್ಕ್ ಕಮಾಂಡ್ ಕಳಿಸಬಹುದೇ? ಸೆನ್ಸರ್ ಡೇಟಾ ಪೂರ್ತಿ ಕೈಗೆ ಬರುತ್ತದೆಯೇ? ರೋಬೋಗಳ ಓಪನ್ ಸೋರ್ಸ್ ಸಾಫ್ಟ್‌ವೇರ್ ಆರ್‌ಓಎಸ್ 2 ನಡೆಯುತ್ತದೆಯೇ? ಜಿ1ರ ಬೇಸ್ ಮಾಡೆಲ್‌ನಲ್ಲಿ ನಿಮ್ಮ ಪ್ರೋಗ್ರಾಂ ಓಡುವುದಿಲ್ಲ, ಅದಕ್ಕೆ ಇಡಿಯು (EDU) ಆವೃತ್ತಿಯೇ ಬೇಕು. ಅಗ್ಗವೆಂದು ಬೇಸ್ ಮಾಡೆಲ್ ತಂದ ಲ್ಯಾಬ್‌ಗೆ ಸಿಗುವುದು ರಿಮೋಟ್ ಹಿಡಿದು ಆಡಿಸುವ ಬೊಂಬೆ. ಅದರಿಂದ ಥೀಸಿಸ್ ಹುಟ್ಟುವುದಿಲ್ಲ.

4. ದುಡ್ಡು ಬರುವ ಮೊದಲೇ ನಡೆಸಿ.
ಮುಜೋಕೋ ಸಿಮ್ಯುಲೇಟರ್ 2022ರಿಂದ ಓಪನ್ ಸೋರ್ಸ್, ಉಚಿತ. ಎಚ್1, ಜಿ1 ಎರಡರ ಮಾಡೆಲ್‌ಗಳೂ ಸಿಗುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಇವತ್ತು ರಾತ್ರಿಯೇ ಶುರು ಮಾಡಿ. ಸಿಮ್ಯುಲೇಶನ್ ರಿಸಲ್ಟ್ ಇಟ್ಟುಕೊಂಡು ಗ್ರಾಂಟ್ ಕೇಳುವವರ ಮಾತಿಗೆ ತೂಕವಿರುತ್ತದೆ.

5. ಬೀಳುತ್ತದೆ, ಸಿದ್ಧವಾಗಿರಿ.
ಅಮೆರಿಕದ ಡಾರ್ಪಾ ಸಂಸ್ಥೆ ನಡೆಸಿದ ರೋಬೋಟಿಕ್ಸ್ ಚಾಲೆಂಜ್ ಸ್ಪರ್ಧೆಯ 2015ರ ಫೈನಲ್‌ನಲ್ಲಿ ಜಗತ್ತಿನ ಅತ್ಯುತ್ತಮ ತಂಡಗಳ ರೋಬೋಗಳೇ ಮುಗ್ಗರಿಸಿ ಬಿದ್ದವು. ಗೆದ್ದ ದಕ್ಷಿಣ ಕೊರಿಯಾದ ಹ್ಯೂಬೋ ಮಂಡಿಯೂರಿ ಚಕ್ರಗಳ ಮೇಲೆ ಓಡಾಡಬಲ್ಲದ್ದಾಗಿತ್ತು. ಲ್ಯಾಬ್‌ನ ಮೇಲ್ಛಾವಣಿಗೆ ಗಟ್ಟಿ ತೊಲೆ, ಚೈನ್ ಬ್ಲಾಕ್, ಬೆಲ್ಟ್ ಹಾಕಿಸಿ. ಎಮರ್ಜೆನ್ಸಿ ಸ್ಟಾಪ್ ಒಬ್ಬರ ಕೈಯಲ್ಲಿ ಸದಾ ಇರಲಿ.

6. ಮಳೆಗಾಲವನ್ನೂ ಬಜೆಟ್‌ಗೆ ಸೇರಿಸಿ.
ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಗಾಳಿಯಲ್ಲೇ ನೀರಿರುತ್ತದೆ, ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಡಿಹ್ಯುಮಿಡಿಫೈಯರ್, ಯುಪಿಎಸ್, ಹೆಚ್ಚುವರಿ ಬ್ಯಾಟರಿ ಬರೆದುಕೊಳ್ಳಿ. ಜಿ1 ಒಂದು ಚಾರ್ಜ್‌ಗೆ ಓಡುವುದೇ ಸುಮಾರು ಎರಡು ಗಂಟೆ.

7. ಖರೀದಿ ನಿಯಮ ಓದಿ, ಬಿಡಿಭಾಗ ಬರೆಸಿಕೊಳ್ಳಿ.
ಭಾರತದೊಂದಿಗೆ ಭೂಗಡಿ ಹಂಚಿಕೊಂಡ ದೇಶಗಳ ಕಂಪನಿಗಳು ಸರ್ಕಾರಿ ಟೆಂಡರ್‌ಗೆ ಬರಬೇಕಾದರೆ ಮೊದಲು ನೋಂದಣಿಯಾಗಬೇಕು ಎಂದು 2020ರ ಜುಲೈನಲ್ಲಿ ಕೇಂದ್ರ ಆದೇಶಿಸಿತು. ಚೀನಾದ ರೋಬೋ ಆರಿಸುವ ಮುನ್ನ ಈಗಿನ ನಿಯಮವೇನೆಂದು ಖರೀದಿ ವಿಭಾಗದಲ್ಲಿ ಕೇಳಿ. ಕಂಪನಿಯ ಆರೋಗ್ಯವನ್ನೂ ವಿಚಾರಿಸಿ: ಎಷ್ಟೋ ವಿಶ್ವವಿದ್ಯಾಲಯಗಳು ಕೊಂಡಿದ್ದ ನಾವೋ ರೋಬೋ ತಯಾರಿಸುತ್ತಿದ್ದ ಫ್ರಾನ್ಸಿನ ಅಲ್ಡೆಬರಾನ್ 2025ರಲ್ಲಿ ದಿವಾಳಿಯಾಯಿತು. ಆದ್ದರಿಂದ ಮೊಣಕಾಲು, ಪಾದದ ಕೀಲಿನ ಮೋಟಾರ್‌ಗಳ ಒಂದು ಸೆಟ್ ಮೊದಲ ಇನ್‌ವಾಯ್ಸ್‌ನಲ್ಲೇ ಇರಲಿ. ಕೊಡಗಿಗೆ ರೈಲಿಲ್ಲ, ವಿಮಾನವಿಲ್ಲ. ಕೆಟ್ಟ ರೋಬೋವನ್ನು ಘಟ್ಟ ಇಳಿಸಿ ಕಳಿಸುವುದಕ್ಕಿಂತ ನಿಮ್ಮಲ್ಲೇ ಇಬ್ಬರಿಗೆ ಅದನ್ನು ಬಿಚ್ಚಿ ಜೋಡಿಸುವ ಟ್ರೇನಿಂಗ್ ಕೊಡಿಸಿ. ಆ ಷರತ್ತನ್ನು ಕೊಟೇಶನ್‌ನಲ್ಲೇ ಬರೆಸಿ.