ಟೈಮಿಂಗ್ ಬೆಲ್ಟ್ ತುಂಡಾದ ಮೇಲೆ

ಚಲಿಸುತ್ತಿದ್ದ ಕಾರಿನ ಎಂಜಿನ್ನು ಹಠಾತ್ತನೆ ಸ್ತಬ್ಧವಾಗಿ, ಮತ್ತೆ ಸೆಲ್ಫ್ ಹೊಡೆದಾಗ ಎಂದಿನ ಬಿಗಿಯಿಲ್ಲದೆ ಸರಸರನೆ ತಿರುಗಿತೆಂದರೆ, ಟೈಮಿಂಗ್ ಬೆಲ್ಟ್ ತುಂಡಾಗಿರಬಹುದೆಂದು ಶಂಕಿಸಿ ಕೀಲಿಯಿಂದ ಕೈ ತೆಗೆಯುವುದು ಶ್ರೇಯಸ್ಕರ. ಕ್ರ್ಯಾಂಕ್ 2 ಸುತ್ತು ತಿರುಗುವಲ್ಲಿ ಕ್ಯಾಮ್ 1 ಸುತ್ತು ತಿರುಗುವಂತೆ ಬಂಧಿಸಿಟ್ಟ ಆ ಹಲ್ಲಿನ ಪಟ್ಟಿ ಕಡಿದೊಡನೆ ಕ್ಯಾಮ್ ನಿಂತುಬಿಡುವುದು. ಪಿಸ್ಟನ್ನಾದರೋ ವೇಗದ ಬಲದಿಂದ ಮೇಲೇರಿ, ತೆರೆದೇ ಉಳಿದ ವಾಲ್ವುಗಳಿಗೆ ಬಡಿದು ಅವನ್ನು ಬಾಗಿಸುವುದು. ಎಲ್ಲ ಎಂಜಿನ್ನುಗಳಿಗೂ ಈ ದುರ್ಗತಿಯಿಲ್ಲವಾದರೂ, ಡೀಸೆಲ್ ಎಂಜಿನ್ನುಗಳಲ್ಲಿ ಇದು ಬಹುತೇಕ ನಿಶ್ಚಿತ.

"ಹೊಸ ಬೆಲ್ಟ್ ಹಾಕಿ ನೋಡೋಣ ಸಾರ್, ಸ್ಟಾರ್ಟ್ ಆದರೆ ಆಯಿತು" ಎಂಬ ಮೆಕ್ಯಾನಿಕ್ಕನ ಮಾತಿಗೆ ಮರುಳಾಗದಿರಿ. ಮೊದಲು ಪ್ರತಿ ಸಿಲಿಂಡರನ್ನೂ ಅದರ ವಾಲ್ವುಗಳು ಮುಚ್ಚಿರತಕ್ಕ ಸ್ಥಿತಿಯಲ್ಲಿರಿಸಿ, ಗಾಳಿ ತುಂಬಿ, ಸೋರಿಕೆಯನ್ನು ಪರೀಕ್ಷಿಸಲಿ: ಸುಯ್ಲು ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವೂ, ಏರ್ ಫಿಲ್ಟರಿನ ಕಡೆ ಕೇಳಿದರೆ ಇನ್‌ಟೇಕ್ ವಾಲ್ವೂ ಬಾಗಿರುವ ಸಂಭವ. ಹಾಗೆ ಸೋರಿಕೆ ಕಂಡರೆ ಹೆಡ್ ಬಿಚ್ಚದೆ ಗತ್ಯಂತರವಿಲ್ಲ. ಪಿಸ್ಟನ್ನಿನ ನೆತ್ತಿಯ ಮೇಲೆ ವಾಲ್ವು ಬಡಿದು ಮೂಡಿಸಿದ ಅರ್ಧಚಂದ್ರಾಕಾರದ ಗೀರು ಅಲ್ಪವಾಗಿದ್ದರೆ ಚಿಂತೆಯಿಲ್ಲ. ಬಿರುಕು ಕಂಡರೆ ಪಿಸ್ಟನ್ ಬದಲಿಸತಕ್ಕದ್ದು. ಬಾಗಿದ ವಾಲ್ವನ್ನು ನೆಟ್ಟಗೆ ಮಾಡಿ ಕೂರಿಸುವುದು, ನನ್ನ ಅಭಿಪ್ರಾಯದಲ್ಲಿ, ಶುದ್ಧ ಅವಿವೇಕ. ವಾಲ್ವ್ ಗೈಡುಗಳನ್ನೂ ನೋಡಿಸಿ.

ಬೆಲ್ಟಿನೊಡನೆ ಟೆನ್ಷನರ್, ಐಡ್ಲರ್, ಅದೇ ಬೆಲ್ಟಿನಿಂದ ನಡೆಯುವುದಾದರೆ ವಾಟರ್ ಪಂಪೂ ಹೊಸದಾಗಲಿ. ಬೆಲ್ಟ್ ಕಡಿಯಲು ಅನೇಕ ವೇಳೆ ಅವುಗಳ ಬೇರಿಂಗೇ ಕಾರಣ. ಸ್ಟಾರ್ಟ್ ಮಾಡುವ ಮುನ್ನ ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಕೈಯಾರೆ 2 ಪೂರ್ಣ ಸುತ್ತು ತಿರುಗಿಸಿ, ಟೈಮಿಂಗ್ ಗುರುತುಗಳು ಕೂಡುವುದನ್ನು ನಿಮ್ಮೆದುರಿಗೇ ತೋರಿಸುವಂತೆ ಮೆಕ್ಯಾನಿಕ್ಕನ್ನು ಕೇಳಿಕೊಳ್ಳಿ.