ಮೊದಲು ಒಂಟೆಯನ್ನು ಕಟ್ಟಿರಿ

ಒಂಟೆಯನ್ನು ಕಟ್ಟಿ ಅಲ್ಲಾಹನ ಮೇಲೆ ಭರವಸೆಯಿಡಲೇ, ಕಟ್ಟದೆಯೇ ಇಡಲೇ ಎಂದು ಕೇಳಿದವನಿಗೆ, ಮೊದಲು ಕಟ್ಟಿ ಆಮೇಲೆ ಭರವಸೆಯಿಡುವಂತೆ ಪ್ರವಾದಿವರ್ಯರು(ಸ) ತಿಳಿಸಿದರೆಂದು ತಿರ್ಮಿದಿಯಲ್ಲಿ ವರದಿಯಾಗಿದೆ. ತವಕ್ಕುಲ್ ಎಂದರೆ ಅಲಕ್ಷ್ಯವಲ್ಲ.

ಸಿದ್ದಾಪುರ ತಾಲೂಕಿನ ಬಿಳಗಿಯಂತಹ ಊರಿನಿಂದ ಒಬ್ಬರು ಉಮ್ರಾಕ್ಕೆ ಹೊರಡುತ್ತಾರೆ, ಇನ್ನೊಬ್ಬರು ದುಡಿಮೆಗಾಗಿ ಕೊಲ್ಲಿಗೆ, ಮಗ ಓದಿಗಾಗಿ ಹಾಸ್ಟೆಲಿಗೆ. ಬಟ್ಟೆಬರೆ, ಉಪ್ಪಿನಕಾಯಿ ಎಲ್ಲವೂ ಸಿದ್ಧ. ಆದರೆ ಟೈಫಾಯ್ಡ್ ಅಥವಾ ವಿಷಮಶೀತ ಜ್ವರದ ಲಸಿಕೆಯ ನೆನಪು ಎಷ್ಟು ಮಂದಿಗಿದೆ? ಹಜ್ಜ್ ಯಾತ್ರಿಕರಿಗೆ ಕಡ್ಡಾಯವಾಗಿರುವ ಮೆನಿಂಜೈಟಿಸ್ ಚುಚ್ಚುಮದ್ದು ಈ ರೋಗವನ್ನು ತಡೆಯದು.

ಟೈಫಾಯ್ಡಿನ ರೋಗಾಣು ಬದುಕುವುದು ಮನುಷ್ಯರಲ್ಲಿ ಮಾತ್ರ. ರೋಗಿಯ ಮಲದಿಂದ ಅದು ನೀರು, ಆಹಾರವನ್ನು ಸೇರಿ ಇತರರ ಹೊಟ್ಟೆಗೆ ಹೋಗುತ್ತದೆ. ಮಳೆಗಾಲದಲ್ಲಿ ಹೊಲಸು ನೀರು ಸೇರುವ ತೆರೆದ ಬಾವಿಯಿಂದಲೂ ಅಪಾಯವಿದೆ.

ನಮ್ಮಲ್ಲಿ ಎರಡು ಬಗೆಯ ಚುಚ್ಚುಮದ್ದುಗಳಿವೆ. ಹಳೆಯದಾದ ವಿಐ ಲಸಿಕೆಯನ್ನು ಎರಡು ವರ್ಷ ತುಂಬಿದವರಿಗೆ ಕೊಡುತ್ತಾರೆ. ಮೂರು ವರ್ಷಗಳಿಗೊಮ್ಮೆ ಪುನಃ ಹಾಕಿಸಬೇಕು. ಹೊಸದಾದ ಕಾಂಜುಗೇಟ್ ಲಸಿಕೆಯನ್ನು ಆರು ತಿಂಗಳ ಮಗುವಿಗೂ ಕೊಡಬಹುದು. ಒಂದೇ ಡೋಸ್, ರಕ್ಷಣೆಯೂ ಹೆಚ್ಚು ಕಾಲ. ಹೈದರಾಬಾದಿನಲ್ಲಿ ತಯಾರಾಗುವ ಇಂತಹ ಲಸಿಕೆಯನ್ನು 2018ರಲ್ಲಿ ನವಿ ಮುಂಬಯಿ ಮಹಾನಗರಪಾಲಿಕೆಯು ಮಕ್ಕಳಿಗೆ ಸಾಮೂಹಿಕವಾಗಿ ಹಾಕಿಸಿತು. ಪ್ರಯಾಣಕ್ಕೆ ಕನಿಷ್ಠ ಎರಡು ವಾರ ಮೊದಲೇ ಹಾಕಿಸಿಕೊಳ್ಳಬೇಕು. ವಯಸ್ಸಾದವರು, ಗರ್ಭಿಣಿಯರು, ಜ್ವರವಿರುವವರು ವೈದ್ಯರ ಸಲಹೆ ಪಡೆಯಲಿ. ಹಿಂದೊಮ್ಮೆ ಟೈಫಾಯ್ಡ್ ಬಂದಿತ್ತೆಂದು ನಿಶ್ಚಿಂತರಾಗಬೇಡಿ. ಅದು ಮತ್ತೆ ಬರಬಹುದು.

ಆದರೆ ಲಸಿಕೆಯೊಂದೇ ಸಾಲದು. ನೇಪಾಳದ ಮಕ್ಕಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕಾಂಜುಗೇಟ್ ಲಸಿಕೆಯು ರೋಗವನ್ನು ಶೇಕಡಾ 80ರಷ್ಟು ತಗ್ಗಿಸಿತು, ಪೂರ್ತಿಯಾಗಿ ಅಲ್ಲ. ಉಳಿದುದನ್ನು ನಮ್ಮ ಶುಚಿತ್ವವೇ ತುಂಬಬೇಕು. ನಿಂತ ನೀರಿನಲ್ಲಿ ಮೂತ್ರಿಸಬಾರದೆಂದೂ ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನೀರನ್ನು ಕುದಿಸಿ ಕುಡಿಯಿರಿ. ಶೌಚದ ಬಳಿಕ ಬರಿಯ ನೀರು ಸಾಲದು, ಸಾಬೂನಿನಿಂದ ಕೈ ತೊಳೆಯಿರಿ.

ಇನ್ನೊಂದು ಮಾತು. ಜ್ವರ ಬಿಟ್ಟ ಮೇಲೂ ಕೆಲವರ ಪಿತ್ತಕೋಶದಲ್ಲಿ ರೋಗಾಣು ವರ್ಷಗಟ್ಟಲೆ ಉಳಿಯುತ್ತದೆ. ಅಂಥವರು ಆರೋಗ್ಯವಂತರಂತೆಯೇ ಕಾಣುತ್ತಾರೆ. ಕೈ ಶುಚಿಯಿಲ್ಲದೆ ವಲೀಮಾದ ಅಡುಗೆಗೆ ನಿಂತರೆ ಅತಿಥಿಗಳಿಗೆ ರೋಗ ಬಡಿಸಿದಂತೆ. ಆದ್ದರಿಂದ ಟೈಫಾಯ್ಡ್ ಬಂದವರು ವೈದ್ಯರು ಹೇಳಿದಷ್ಟು ದಿನವೂ ಔಷಧ ಸೇವಿಸಿ, ಅವರು ಒಪ್ಪುವವರೆಗೆ ಇತರರಿಗಾಗಿ ಅಡುಗೆ ಮಾಡದಿರಲಿ. ನಮ್ಮ ದೇಹ ಅಲ್ಲಾಹನ ಅಮಾನತ್ತು. ನೆರೆಯವನ ಆರೋಗ್ಯವೂ ನಮ್ಮ ಮೇಲಿನ ಹಕ್ಕು.

ಎರಡನ್ನೂ ಕಾಪಾಡಲು ಅಲ್ಲಾಹನು ನಮಗೆ ಸೌಭಾಗ್ಯ ನೀಡಲಿ. ಆಮೀನ್.