ಸೆರೆಮನೆಯ ಅಹವಾಲು: ಮೊದಲು ಯಾರಲ್ಲಿಗೆ?

ಎಲೆಕ್ಟ್ರಾನಿಕ್ ಸಿಟಿಯ ಸುತ್ತಣ ಹಳ್ಳಿಗಳವರಿಗೆ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹ ಹೊಸ ಹೆಸರಲ್ಲ. ನಮ್ಮವರೊಬ್ಬರು ಜೈಲು ಸೇರಿದರೆ ಮಾತ್ರ ಅದರ ನಿಯಮಗಳನ್ನು ತಿಳಿಯುವ ಅಗತ್ಯ ಬರುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಯಾವುದೋ ಜೈಲಿನಲ್ಲಿ ವಿಚಾರಣಾ ಕೈದಿಯೊಬ್ಬನಿಗೆ ಸಕ್ಕರೆ ಕಾಯಿಲೆ. ಔಷಧಿ ಹೊತ್ತಿಗೆ ಸಿಗುತ್ತಿಲ್ಲವೆಂದು ಭೇಟಿಗೆ ಹೋದ ತಾಯಿಗೆ ತಿಳಿಯಿತು. ನೆರೆಯವರು "ನೆಟ್ಟಗೆ ಹೈಕೋರ್ಟಿಗೇ ಹೋಗಮ್ಮ" ಎಂದರು. ಹೋಗಬಹುದೇ?

ಹೋಗಬಹುದು. ಆದರೆ ಸಂವಿಧಾನದ 226ನೆಯ ವಿಧಿಯ ಮೇರೆಗೆ ರಿಟ್ ಅರ್ಜಿ ಹಾಕಿದರೆ, "ಅಧಿಕಾರಿಗಳನ್ನು ಕೇಳಿದಿರಾ? ಏನು ಉತ್ತರ ಬಂತು?" ಎಂಬ ಪ್ರಶ್ನೆ ಬರುವುದುಂಟು. ಬೇರೆ ಪರಿಹಾರವಿದ್ದರೆ ಮೊದಲು ಅದನ್ನು ನೋಡಿ ಎನ್ನುವುದು ನ್ಯಾಯಾಲಯಗಳು ತಾವೇ ಹಾಕಿಕೊಂಡ ಕಟ್ಟು. ಅದು ಬಾಗಿಲಿಗೆ ಬಡಿದ ಬೀಗವಲ್ಲ; ಮೂಲಭೂತ ಹಕ್ಕಿಗೆ ಧಕ್ಕೆ ಬಂದಲ್ಲಿ ಅದನ್ನು ಸಡಿಲಿಸುತ್ತಾರೆ. ಅಮೆರಿಕದಲ್ಲಾದರೋ ನಿಜವಾಗಿಯೂ ಬೀಗವೇ. 1996ರ ಕಾನೂನಿನಂತೆ, ಅಲ್ಲಿನ ಕೈದಿ ಜೈಲಿನೊಳಗಿನ ದೂರಿನ ಮೆಟ್ಟಿಲುಗಳನ್ನೆಲ್ಲ ಹತ್ತದೆ ಫೆಡರಲ್ ನ್ಯಾಯಾಲಯದಲ್ಲಿ ಜೈಲಿನ ಸ್ಥಿತಿಗತಿಯ ಬಗ್ಗೆ ದಾವೆ ಹೂಡುವಂತಿಲ್ಲ. ಒಳಗಿನ ದೂರನ್ನು ವಾಯಿದೆ ಮೀರಿ ಕೊಟ್ಟರೂ ಸಾಲದೆಂದು ಅಲ್ಲಿನ ಸುಪ್ರೀಂ ಕೋರ್ಟು 2006ರಲ್ಲಿ ತೀರ್ಮಾನಿಸಿತು. ಬಡವನಿಗೆ ಇದು ಕಠಿಣವೆಂದೇ ನಮ್ಮ ಅಭಿಪ್ರಾಯ.

ನಮ್ಮಲ್ಲಿ ನಡೆದದ್ದು ಬೇರೆ. ತಿಹಾರ್ ಜೈಲಿನಲ್ಲಿದ್ದ ಸುನಿಲ್ ಬಾತ್ರಾ ಎಂಬ ಕೈದಿ, ವಾರ್ಡರೊಬ್ಬನು ಇನ್ನೊಬ್ಬ ಕೈದಿಯನ್ನು ಹಿಂಸಿಸಿದನೆಂದು ಸುಪ್ರೀಂ ಕೋರ್ಟಿನ ನ್ಯಾಯಾಧೀಶರಿಗೆ ಕಾಗದ ಬರೆದನು. ಆ ಕಾಗದವನ್ನೇ ಅರ್ಜಿಯಾಗಿ ಎಣಿಸಿ 1979ರ ಡಿಸೆಂಬರಿನಲ್ಲಿ ತೀರ್ಪು ಬಂತು. ಜೈಲುಗಳಲ್ಲಿ ಅಹವಾಲು ಪೆಟ್ಟಿಗೆ ಇರಬೇಕು, ನ್ಯಾಯಾಧೀಶರು ಆಗಾಗ ಭೇಟಿ ಕೊಟ್ಟು ಕೈದಿಗಳ ಮಾತು ಕೇಳಬೇಕು ಎಂದು ಅದರಲ್ಲಿ ಹೇಳಿದೆ.

ಹಾಗಾದರೆ ಆ ತಾಯಿ ಮಾಡತಕ್ಕದ್ದೇನು? ಜೈಲಿನ ಸೂಪರಿಂಟೆಂಡೆಂಟರಿಗೆ ಅರ್ಜಿ ಬರೆಸಿ ಎರಡು ಪ್ರತಿ ಮಾಡಿಸಲಿ. ಔಷಧಿಯ ಹೆಸರು, ಅದು ಯಾವ ತಾರೀಖಿನಿಂದ ಸಿಕ್ಕಿಲ್ಲ, ಹಿಂದಿನ ವೈದ್ಯರ ಚೀಟಿಯ ನಕಲು, ಇಷ್ಟಿದ್ದರೆ ಸಾಕು. (ಅರ್ಜಿಯ ತುಂಬ ಬೈಗುಳ ತುಂಬಿಸಿ ಔಷಧಿಯ ಹೆಸರನ್ನೇ ಮರೆಯುವವರಿದ್ದಾರೆ!) ತನ್ನ ಪ್ರತಿಯ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಲಿ. ಹಾಕಿಕೊಡದಿದ್ದರೆ ಅಂಚೆಯಲ್ಲಿ ರಿಜಿಸ್ಟರ್ ಮಾಡಿ ರಸೀದಿ ಇಟ್ಟುಕೊಳ್ಳಲಿ. ಮುಂದೆ ಮೇಲಧಿಕಾರಿಗಳ ಎದುರಾಗಲಿ ನ್ಯಾಯಾಲಯದಲ್ಲಾಗಲಿ ಮಾತನಾಡುವುದು ಆ ಕಾಗದವೇ.

ಮಗನೂ ಸುಮ್ಮನಿರಬೇಕಾಗಿಲ್ಲ. ಮುಂದಿನ ವಾಯಿದೆಯ ದಿನ ಮ್ಯಾಜಿಸ್ಟ್ರೇಟರ ಮುಂದೆ ಬಾಯಿಬಿಟ್ಟು ಹೇಳಲಿ; ಪರದೆಯ ಮೂಲಕ ಹಾಜರುಪಡಿಸಿದರೂ ಹೇಳಬಹುದು. ವಕೀಲರಿಗೆ ಹಣವಿಲ್ಲವೆಂಬ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಬಂಧನದಲ್ಲಿರುವವರಿಗೆ ಉಚಿತ ನೆರವುಂಟು, ವರಮಾನ ಎಷ್ಟೆಂದು ನೋಡುವುದಿಲ್ಲ. ದೂರವಾಣಿ ಸಂಖ್ಯೆ 15100. ಮಾನವ ಹಕ್ಕುಗಳ ಆಯೋಗಕ್ಕೆ ಬರೆಯುವುದಾದರೆ ಘಟನೆ ನಡೆದ ಒಂದು ವರ್ಷದೊಳಗೆ ಬರೆಯಬೇಕು.

ಹೊಡೆತ ಬಿದ್ದಿದ್ದರೆ, ಪ್ರಾಣಕ್ಕೆ ಅಪಾಯವಿದ್ದರೆ, ಹಿಂಬರಹ ಬರಲೆಂದು ಕಾಯುತ್ತ ಕೂರಬಾರದು. ಅಂದೇ ವಕೀಲರ ಮೂಲಕ ನ್ಯಾಯಾಲಯಕ್ಕೆ ತಿಳಿಸಿ, ವೈದ್ಯಕೀಯ ತಪಾಸಣೆಗೆ ಆದೇಶ ಕೇಳಬೇಕು.